ಹಸಿರು ದೀಪ ನಿಲ್ಲುವ ತನಕ

ನಮ್ಮ ಮನೆಯಲ್ಲಿ ಕರೆಂಟು ಹೋದ ಕೂಡಲೇ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಚಪ್ಪಲಿ ಹುಡುಕುವುದು.

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆ ಕಡಿಮೆ. ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕರೆಂಟಿನಿಂದ ನಡೆಯುವ ನಾಲ್ಕು ಮಗ್ಗಗಳಿದ್ದವು. ಅವು ನಡೆಯುವಾಗ ಅಡುಗೆಮನೆಯ ಡಬ್ಬಿಗಳ ಮುಚ್ಚಳ ಸಹ ಸಣ್ಣಗೆ ನಡುಗುತ್ತಿರುತ್ತಿತ್ತು. ಕರೆಂಟು ಹೋಯಿತೆಂದರೆ ಓಣಿಯ ಅಷ್ಟೂ ಮಗ್ಗಗಳು ಒಟ್ಟಿಗೆ ನಿಂತು, ಎಲ್ಲಿಂದಲೋ ಬಂದಿಳಿದಂತೆ ಮೌನ ಇಳಿಯುತ್ತಿತ್ತು. ಆಗ ಜನ ಕಟ್ಟೆಗೆ ಬಂದು ಮಾತಿಗೆ ಕೂರುತ್ತಿದ್ದರು. ಅಪ್ಪ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ. ಎಲ್ಲಿಗೆಂದು ಅವ್ವ ಕೈಸನ್ನೆ ಮಾಡಿದರೆ "ತಂಬಾಕ ತರ್ತೇನಿ" ಅನ್ನುತ್ತಿದ್ದ. ಅಪ್ಪ ತಂಬಾಕು ಬಿಟ್ಟು ಬಹಳ ವರ್ಷಗಳಾಗಿದ್ದವು.

ಅಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಈ ವಾಕ್ಯವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಗ್ಗ ನಡೆಯುತ್ತಿರುವ ತನಕ ಹೇಳುವ ಅಗತ್ಯವೂ ಇರಲಿಲ್ಲ. ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಎಲ್ಲರೂ ಎದುರಿನವರ ತುಟಿ ನೋಡುತ್ತಾರೆ, ಕೈ ನೋಡುತ್ತಾರೆ, ಹುಬ್ಬು ನೋಡುತ್ತಾರೆ. ಶೆಡ್ಡಿನೊಳಗೆ ಅಪ್ಪ ಎಲ್ಲರ ಹಾಗೆ ಒಬ್ಬ ನೇಕಾರ. ಮಗ್ಗ ನಿಂತಾಗಲೇ ಅವನು ಸಿಕ್ಕಿಬೀಳುತ್ತಿದ್ದುದು.

ಒಂದು ಕಾಲಕ್ಕೆ ಅವನು ರಸ್ತೆಯಲ್ಲಿ ನಡೆಯುತ್ತಲೇ ಬೇರೆಯವರ ಮನೆಯ ಕಿಟಕಿಯಲ್ಲಿ ತಲೆ ಹಾಕಿ, "ನಿಮ್ಮ ಬಾಗಲದ ಕಡೆ ಮಗ್ಗದ್ದು ಲಾಳಿ ಸರಿ ಕುಂಡ್ರವಲ್ದು ನೋಡ್ರಿ" ಎಂದು ಹೇಳಿ ಮುಂದೆ ಹೋಗುತ್ತಿದ್ದವನು. ಲಾಳಿ ಪೆಟ್ಟಿಗೆಯೊಳಗೆ ಸರಿಯಾಗಿ ಕೂರದಿದ್ದರೆ ಬಡಿತದ ಸದ್ದು ಬದಲಾಗುತ್ತದೆ. ಆ ಸದ್ದನ್ನು ಹಿಡಿಯದೆ ಬಿಟ್ಟರೆ ಲಾಳಿ ಉದ್ದಕ್ಕೆ ಬಿಗಿದ ಹಾಸಿನ ನಡುವೆ ಸಿಕ್ಕಿ, ಗೇಣಗಲ ಎಳೆಗಳನ್ನು ಒಮ್ಮೆಗೇ ಹರಿದುಹಾಕುತ್ತದೆ. ಆ ವರ್ಷ ಶ್ರಾವಣದಲ್ಲಿ ನಮ್ಮದೇ ಮಗ್ಗದಲ್ಲಿ ಹಾಗಾಯಿತು. ಅಪ್ಪ ಅದಕ್ಕೆ ಬೆನ್ನು ಮಾಡಿ ಪಕ್ಕದಲ್ಲೇ ನಿಂತಿದ್ದ. ಮಗ್ಗ ಮೂಳೆ ಮುರಿದಂತೆ ಸದ್ದು ಮಾಡುತ್ತಿತ್ತು. ಅಪ್ಪ ಇನ್ನೊಂದು ಮಗ್ಗದ ಸೀರೆಯ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಪಡಸಾಲೆಯಿಂದ ಓಡಿಬಂದು ಮಗ್ಗ ನಿಲ್ಲಿಸಿದವಳು ಕಾಕು.

ಕಾಕು ಪಕ್ಕದ ಮನೆಯವಳು. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆಗಳನ್ನು ನಮ್ಮ ಪಡಸಾಲೆಯಲ್ಲಿ ಕೂತು ಸುತ್ತುತ್ತಿದ್ದಳು. ರಕ್ತಸಂಬಂಧವೇನಿಲ್ಲ, ಆದರೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವ ಹಕ್ಕು ಅವಳದಾಗಿತ್ತು. ಅವತ್ತು ಮಾತ್ರ ಹರಿದ ಎಳೆಗಳನ್ನು ನೋಡಿ, ತಿರುಗಿ ಹೋಗಿ ತನ್ನ ರಾಟೆಯ ಮುಂದೆ ಕೂತಳು.

ನಮಗೆ ಹಾಸಿನ ಎಳೆ ಸುತ್ತಿದ ಬೀಮು, ನೂಲು ಕೊಟ್ಟು ಸೀರೆ ಒಯ್ಯುವ ಸಾವಕಾರರು ರಬಕವಿಯವರು. ಸುದ್ದಿ ತಿಳಿದು ಬಂದವರು ಆ ಹರಿದ ಜಾಗವನ್ನು ನೋಡಿ, "ದೀಪಾವಳಿ ಆದಮ್ಯಾಲ ಬಂದು ನೋಡ್ತೇನಿ. ನಾಕೂ ಮಗ್ಗ ಛಲೋ ನಡದಿದ್ರ ಹೊಸಾ ನಮೂನಿ ಬೀಮ ನಿಮಗ. ಇಲ್ಲಂದ್ರ ಕೇಳೋರು ಭಾಳ ಮಂದಿ ಅದಾರು" ಎಂದರು. ಅಪ್ಪ ತಲೆಯಾಡಿಸಿದ. ಅವರು ಹೋದ ಮೇಲೆ ಅವ್ವನ ಮುಖ ನೋಡಿ "ಏನಂದ್ರು?" ಎಂದು ಕೇಳಿದ.

ಬೀಮು ಬರದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಅಪ್ಪ ದಿನವಿಡೀ ಆ ಮೌನದಲ್ಲಿ ಕೂರಬೇಕು. ನನಗೆ ಹೆದರಿಕೆಯಿದ್ದುದು ಎರಡನೆಯದರ ಬಗ್ಗೆ. ಹಿಂದಿನ ಓಣಿಯಲ್ಲಿ ಒಬ್ಬ ಮುದುಕನಿಗೆ ಕಿವಿ ಹೋಗಿದೆ ಎಂದು ತಿಳಿದ ಮೇಲೆ ಯಾರೂ ಬೀಮು ಕೊಟ್ಟಿರಲಿಲ್ಲ.

ಅಪ್ಪನನ್ನು ಮುಧೋಳದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಅಪ್ಪನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಮೇಜಿನ ಅಂಚು ನೋಡುತ್ತಾ ಉತ್ತರ ಕೊಟ್ಟಿದ್ದೆ. ಕಿವಿಗೆ ಹಾಕುವ ಮಷೀನು ಕೊಟ್ಟರು. ಅದನ್ನು ಹಾಕಿಕೊಂಡು ಶೆಡ್ಡಿಗೆ ಇಳಿದ ಅಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಹೊರಗೆ ಬಂದ. ಮಷೀನು ಮಾತಿಗಿಂತ ಮೊದಲು ಮಗ್ಗವನ್ನೇ ಕಿವಿಯೊಳಗೆ ತುಂಬುತ್ತಿತ್ತು. ಅದು ಅವ್ವನ ಸಾಸಿವೆ ಡಬ್ಬಿಯ ಪಕ್ಕ ಕಪಾಟು ಸೇರಿತು.

"ನೀ ಇಷ್ಟೆಲ್ಲಾ ಓದೀದಿ. ಮಗ್ಗ ನಿಂತದ್ದು ಕಣ್ಣಿಗಿ ಕಾಣೂ ಹಂಗ ಏನರ ಮಾಡಾಕ ಬರೂದಿಲ್ಲೇನು?" ಎಂದು ಅವ್ವ ಕೇಳಿದ್ದು ಆಗ. ಅವ್ವನ ತವರು ಬೀಳಗಿ ಕಡೆಯದು. ಅಣೆಕಟ್ಟಿನ ಹಿನ್ನೀರು ಬಂದು ಊರು ಬಿಟ್ಟವರು ಅವರು. ಏನೇ ಹೋದರೂ ಮೊದಲು ಏನು ಉಳಿದಿದೆ ಎಂದು ನೋಡುವುದು ಅವಳ ಸ್ವಭಾವ. ಕಿವಿ ಹೋಗಿತ್ತು, ಕಣ್ಣು ಉಳಿದಿತ್ತು.

ನಾನು ಎಲೆಕ್ಟ್ರಾನಿಕ್ಸ್ ಓದಿ, ಜಮಖಂಡಿಯ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದೆ. ನನ್ನ ಹತ್ತಿರ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ಇತ್ತು. ಅದಕ್ಕೆ ಡಬ್ಬವಿಲ್ಲ, ಪರದೆಯಿಲ್ಲ. ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿರುವುದನ್ನು ಓದಿಕೊಂಡು ಅದು ಎಚ್ಚರಗೊಳ್ಳುತ್ತದೆ. ಅದರ ಮೇಲೆ ಎರಡು ಪುಟ್ಟ ದೀಪಗಳು: ಕರೆಂಟು ಬಂದಿದೆ ಎಂದು ಹೇಳುವ ಕೆಂಪು, ಕಾರ್ಡನ್ನು ಓದುತ್ತಿರುವಾಗ ಮಿಣುಕುವ ಹಸಿರು. ನಾನು ಪ್ರತಿ ಮಗ್ಗದ ಚಕ್ರಕ್ಕೆ ಒಂದು ಅಯಸ್ಕಾಂತ ಅಂಟಿಸಿ, ಪಕ್ಕದಲ್ಲಿ ಅದನ್ನು ಗುರುತಿಸುವ ಸೆನ್ಸರ್ ಇಟ್ಟೆ. ಚಕ್ರ ತಿರುಗುವುದು ನಿಂತರೆ ಗೋಡೆಯ ಮೇಲೆ ಆ ಮಗ್ಗದ ಕೆಂಪು ಬಲ್ಬು ಹತ್ತಬೇಕು. ನಾಲ್ಕು ಮಗ್ಗಕ್ಕೆ ನಾಲ್ಕು ಬಲ್ಬು. ಲಾಳಿ ಸಿಕ್ಕಿಕೊಳ್ಳುವುದನ್ನು ಅದು ಮೊದಲೇ ಹೇಳಲಾರದು, ಅದಕ್ಕೆ ಅಪ್ಪನ ಹಳೆಯ ಕಿವಿಯೇ ಬೇಕು. ಮಗ್ಗ ನಿಂತಿತೆಂದಾದರೂ ಹೇಳುತ್ತದೆ.

ಮೇಲಿನ ಕೋಣೆಯಲ್ಲಿ, ನನ್ನ ಮೇಜಿನ ಮೇಲೆ, ಅದು ಒಂದು ಸಲವೂ ತಪ್ಪಲಿಲ್ಲ. ಶೆಡ್ಡಿನಲ್ಲಿ ಗೋಡೆಗೆ ಕೂರಿಸಿ ಸ್ವಿಚ್ಚು ಹಾಕಿದಾಗ ಕೆಂಪು ಹತ್ತಿತು, ಹಸಿರು ಮಿಣುಕಲೇ ಇಲ್ಲ. ಕಂಡಿಕೆಯ ಬುಟ್ಟಿ ತಂದಿಟ್ಟ ಕಾಕು ಅಲ್ಲೇ ನಿಂತಳು.

"ಏನವ್ವಾ ಇದು, ಡಬ್ಬಿ ಒಳಗ ಹಾಕೂದ ಮರತಾರೇನು?"

"ಕಾಲೇಜಿಂದ ಕೊಟ್ಟಾರ್ರಿ ಕಾಕು. ಮಗ್ಗದ ಮ್ಯಾಲ ಪ್ರಯೋಗ ಮಾಡ್ರಿ ಅಂತ" ಎಂದೆ. ಸುಳ್ಳು ಹೇಳುವಾಗ ನಾನು ಬೋರ್ಡಿನ ಕಡೆಗೇ ಬಗ್ಗಿದ್ದೆ.

"ಮಗ್ಗಾ ಸಾಲಿ ಕಲೀತಾವು ಅಂದಂಗಾತು" ಎಂದು ನಗುತ್ತಾ ಅವಳು ಹೋದಳು.

ಅದನ್ನು ಕಳಚಿ ಮೇಲೆ ತಂದರೆ ಅಲ್ಲಿ ಎದ್ದಿತು. ಕೆಳಗೆ ಒಯ್ದರೆ ಮಲಗಿತು. ಎರಡು ಜಾಗಕ್ಕೂ ಇರುವ ವ್ಯತ್ಯಾಸಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದೆ. ಕಾರ್ಡು ಅದೇ, ಬೋರ್ಡು ಅದೇ. ಬೇರೆಯಾಗಿದ್ದುದು ವಯರು. ಕೆಳಗಿನ ಪ್ಲಗ್ಗು ದೂರವೆಂದು ನಾನು ಮೊಬೈಲ್ ಚಾರ್ಜರಿಗೆ ಉದ್ದನೆಯ ತೆಳು ವಯರು ಹಾಕಿದ್ದೆ. ಮೀಟರು ಹಿಡಿದು ನೋಡಿದರೆ ಐದು ವೋಲ್ಟು ಇರಬೇಕಾದ ಕಡೆ ನಾಲ್ಕೂವರೆ ಸಹ ಇರಲಿಲ್ಲ. ಕೆಂಪು ದೀಪ ಹತ್ತಲು ಅಷ್ಟು ಸಾಕು, ಬೋರ್ಡು ಏಳಲು ಸಾಲದು. ಇದನ್ನು ನಾನೇ ಕಾಲೇಜಿನಲ್ಲಿ ಹುಡುಗಿಯರಿಗೆ ಪಾಠ ಮಾಡಿದ್ದೆ. ವಯರು ಉದ್ದವಾದಷ್ಟೂ, ತೆಳುವಾದಷ್ಟೂ ದಾರಿಯಲ್ಲೇ ಕಳೆದುಹೋಗುತ್ತದೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದೆ.

ಬೋರ್ಡನ್ನು ಪ್ಲಗ್ಗಿನ ಹತ್ತಿರಕ್ಕೆ ಸರಿಸಿ, ಗಿಡ್ಡ ದಪ್ಪ ವಯರು ಹಾಕಿದೆ. ಎದ್ದಿತು. ಅಪ್ಪ ಮಗ್ಗಗಳನ್ನು ಒಂದೊಂದಾಗಿ ಶುರುಮಾಡಿದ. ಕೊನೆಯ ಮೋಟಾರು ತಿರುಗುವ ಹೊತ್ತಿಗೆ ಶೆಡ್ಡಿನ ಟ್ಯೂಬ್‌ಲೈಟು ಒಮ್ಮೆ ಮಂಕಾಯಿತು, ಬೋರ್ಡು ಸತ್ತು ಮತ್ತೆ ಹುಟ್ಟಿತು. ಬೋರ್ಡು ಆರಿಸುವ ತನಕ ಬಲ್ಬುಗಳು ಹತ್ತಿಯೇ ಇರುವಂತೆ ನಾನು ಜೋಡಿಸಿದ್ದರಿಂದ, ಅದು ಏಳುವಷ್ಟು ಹೊತ್ತು ನಾಲ್ಕೂ ಹತ್ತಿಕೊಂಡವು. ಎಲ್ಲ ಮಗ್ಗಗಳೂ ಭರದಿಂದ ನಡೆಯುತ್ತಿದ್ದವು, ಗೋಡೆ ಮಾತ್ರ ಎಲ್ಲವೂ ನಿಂತಿವೆ ಎನ್ನುತ್ತಿತ್ತು. ಅಪ್ಪ ಬಲ್ಬು ನೋಡಿ ಮಗ್ಗ ನೋಡಿ, ಗಾಬರಿಯಿಂದ ಒಂದೊಂದನ್ನೇ ಮುಟ್ಟಿ ನೋಡುತ್ತಾ ಹೋದ. ನನಗೆ ನೆಲ ನೋಡುವಂತಾಯಿತು. ಅವನು ತನ್ನ ಕಣ್ಣನ್ನೂ ನಂಬದಂತೆ ನಾನು ಮಾಡಿದ್ದೆ.

ಮನೆಯ ಮೀಟರಿನಿಂದ ಬೇರೆ ವಯರು ಎಳೆಯೋಣವೆಂದರೆ ಅಪ್ಪ ಒಪ್ಪಲಿಲ್ಲ. "ಮನಿ ಕರೆಂಟ ಮನಿಗಿ, ಮಗ್ಗದ್ದು ಮಗ್ಗಕ್ಕ. ಕೂಡಸೂದು ಬ್ಯಾಡ." ಅದು ಅವನ ನಿಯಮ. ಜಮಖಂಡಿಯಿಂದ ಬರುವಾಗ ಗಟ್ಟಿಯಾದ ಅಡಾಪ್ಟರು ತಂದು ಹಾಕಿದೆ. ಟ್ಯೂಬ್‌ಲೈಟು ಮಂಕಾದರೂ ಬೋರ್ಡು ಅಲುಗಲಿಲ್ಲ. ಸಂಜೆಯ ತನಕ ನಾಲ್ಕು ಬಲ್ಬುಗಳು ತಮ್ಮ ತಮ್ಮ ಮಗ್ಗ ನಿಂತಾಗ ಮಾತ್ರ ಹತ್ತಿದವು. ಕಂಡಿಕೆ ಮುಗಿದು ಮಗ್ಗ ನಿಂತರೆ ಅಪ್ಪ ಗೋಡೆ ನೋಡಿ ತಿರುಗುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಹಬ್ಬದ ದಿನ ಮಾಡುವ ಸಿಹಿ ಮಾದಲಿ ಮಾಡಿದಳು.

ಮರುದಿನ ಬೆಳಿಗ್ಗೆ ಮತ್ತೆ ಕೆಂಪು ಮಾತ್ರ.

ಈ ಸಲ ಕಾರ್ಡು ಕೆಟ್ಟಿತ್ತು. ಕಾರ್ಡಿಗೆ ಏನನ್ನೋ ಬರೆಯುತ್ತಿರುವಾಗ ಕರೆಂಟು ತಪ್ಪಿದರೆ ಒಳಗಿನದೆಲ್ಲ ಕಲಸಿಹೋಗುತ್ತದೆ, ಮುಂದಿನ ಸಲ ಬೋರ್ಡು ಏಳುವುದಿಲ್ಲ. ಹಿಂದಿನ ದಿನ ಲೋಡ್ ಶೆಡ್ಡಿಂಗ್ ಹೊತ್ತಿಗೆ ಮೊದಲೇ ನಾನು ಲ್ಯಾಪ್‌ಟಾಪಿನಿಂದ ಬೋರ್ಡನ್ನು ಮಲಗಿಸಿದ್ದೆ. ಹಾಗಾದರೆ ಉಳಿದದ್ದು ಸಂಜೆಯ ಮೇನ್ ಸ್ವಿಚ್ಚು. ಕೆಲಸ ಮುಗಿದ ಮೇಲೆ ಅಪ್ಪ ಪ್ರತಿ ಮಗ್ಗವನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಕೊನೆಗೆ ಮೇನಿನ ಹಿಡಿಕೆಯನ್ನು ಕೆಳಗೆ ಎಳೆದು, ಆ ಕೈಯನ್ನೂ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಅವನ ಅಪ್ಪನೂ ಕೈಮಗ್ಗಕ್ಕೆ ಹಾಗೆ ಮಾಡುತ್ತಿದ್ದನಂತೆ.

ಕಾರ್ಡನ್ನು ಹೊಸದಾಗಿ ಬರೆದೆ. ಬೋರ್ಡಿನ ಪಕ್ಕದಲ್ಲಿ ಒಂದು ಗುಂಡಿ ಕೂರಿಸಿದೆ. ಅದನ್ನು ಒತ್ತಿದರೆ ಬೋರ್ಡು ತನ್ನ ಕೆಲಸ ಮುಗಿಸಿ ಮಲಗುತ್ತದೆ, ಹಸಿರು ದೀಪ ಮಿಣುಕಿ ಮಿಣುಕಿ ನಿಲ್ಲುತ್ತದೆ, ಆಮೇಲೆ ಮೇನ್ ತೆಗೆಯಬಹುದು. ಲೋಡ್ ಶೆಡ್ಡಿಂಗಿಗೆ ಮೊದಲು ಅದನ್ನು ಒತ್ತುವ ಕೆಲಸ ಅವ್ವನಿಗೆ ವಹಿಸಿದೆ. ಕರೆಂಟು ಇಲ್ಲದ ಹೊತ್ತಿನಲ್ಲಿ, ಹೊರಡಲು ನಿಂತಿದ್ದ ಅಪ್ಪನನ್ನು ಕರೆದು, ಇದನ್ನೆಲ್ಲ ಬಿಡಿಸಿ ಹೇಳಿದೆ. ಗುಂಡಿ ತೋರಿಸಿದೆ, ಮೇನ್ ತೋರಿಸಿದೆ. ಅವನು ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಕಾರ್ಡು ಕೆಟ್ಟಿತ್ತು. ಮತ್ತೆ ಬರೆದೆ, ಮತ್ತೆ ಹೇಳಿದೆ, ಅವನು ಮತ್ತೆ ತಲೆಯಾಡಿಸಿದ. ಮತ್ತೆ ಕೆಟ್ಟಿತು. ಅಪ್ಪನಿಗೆ ಇದು ಬೇಡವೇ ಬೇಡವೇನೋ, ಬೇಕೆಂತಲೇ ಹೀಗೆ ಮಾಡುತ್ತಿದ್ದಾನೇನೋ ಅನ್ನಿಸಿತು. ಮನೆಯ ಗುಟ್ಟನ್ನು ಗೋಡೆಯ ಮೇಲೆ ಬಲ್ಬು ಹಾಕಿ ತೋರಿಸುತ್ತಿದ್ದೇನೆ ಎಂದು ಅವನಿಗೆ ಸಿಟ್ಟಿರಬಹುದು. ಇದನ್ನು ನಾನು ಅವ್ವನಿಗೂ ಹೇಳಲಿಲ್ಲ. ದೀಪಾವಳಿ ಕಳೆದಿತ್ತು.

ಒಂದು ಸಂಜೆ ಶೆಡ್ಡಿನ ಬಾಗಿಲ ಸಂದಿನಲ್ಲಿ ನಿಂತು ನೋಡಿದೆ. ಅಪ್ಪ ಎಂದಿನಂತೆ ನಾಲ್ಕೂ ಮಗ್ಗಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಬೋರ್ಡಿನ ಮುಂದೆ ಬಂದ. ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ನಾನು ತೋರಿಸಿದ್ದ ಗುಂಡಿಯನ್ನು ಬೆರಳ ತುದಿಯಿಂದ, ಹೂವಿಗೆ ನೋವಾಗಬಾರದೆಂಬಂತೆ ಮುಟ್ಟಿ, ಆ ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ನಂತರ ಮೇನ್ ಎಳೆದ.

ನಾನು ಗುಂಡಿ ಮುಟ್ಟಿ ತೋರಿಸಿದ್ದೆ, ಆಮೇಲೆ ಮೇನ್ ತೋರಿಸಿದ್ದೆ. ಅವನು ನೋಡಿದ್ದು ಅಷ್ಟನ್ನೇ. ಕೇಳಿಸಿದ್ದು ಏನೂ ಇಲ್ಲ. ಏಕೆಂದರೆ ನಾನು ಪ್ರತಿ ಸಲವೂ ಬೋರ್ಡಿನ ಮೇಲೆ ಬಗ್ಗಿ, ಮುಖ ಕೆಳಗೆ ಮಾಡಿಕೊಂಡು, ನನ್ನ ಮೆಲುದನಿಯಲ್ಲಿ ಹೇಳಿದ್ದೆ. ಕೇಳಿಸದವನಿಗಾಗಿ ಆ ಯಂತ್ರ ಮಾಡಿದವಳು ಅದನ್ನು ಬಳಸುವುದು ಹೇಗೆಂದು ಅವನ ಕಿವಿಗೇ ಹೇಳಿದ್ದೆ. ಚಿಕ್ಕವಳಿದ್ದಾಗಿನಿಂದ ನನ್ನ ಬಗ್ಗೆ ಬಂದವರೆಲ್ಲ ಹೊಗಳುತ್ತಿದ್ದುದು ಇದೊಂದನ್ನೇ: ಹುಡುಗಿ ತಲೆ ಎತ್ತಿ ಮಾತಾಡುವುದಿಲ್ಲ.

ಅಪ್ಪ ತಿರುಗಿ ನನ್ನನ್ನು ಕಂಡ. "ದಿನಾ ಮುಟ್ಟಿ ನಮಸ್ಕಾರ ಮಾಡ್ತೇನಿ ನೋಡವ್ವಾ. ಒಂದ ದಿನಾನೂ ಬಿಟ್ಟಿಲ್ಲ" ಎಂದ. ಆ ನಿಶ್ಶಬ್ದದಲ್ಲಿ ಅವನ ದನಿ ಬಹಳ ದೊಡ್ಡದಾಗಿತ್ತು. ನಾನು ತಲೆಯಾಡಿಸಿದೆ.

ಮರುದಿನ ಮಗ್ಗಗಳು ನಡೆಯುತ್ತಿರುವಾಗ ಶೆಡ್ಡಿಗೆ ಹೋದೆ. ಅವನ ಎದುರು ನಿಂತೆ. ಕಾಕು, ಅವ್ವ ಎಲ್ಲರೂ ಮಾಡುವ ಹಾಗೆ ಮುಖ ಎತ್ತಿ, ತುಟಿ ಬಿಡಿಸಿ, ಕೈ ಆಡಿಸಿ ಹೇಳಿದೆ. ಜೋರಾಗಿ ಒತ್ತು. ಹಸಿರು ದೀಪ ನಿಲ್ಲುವ ತನಕ ತಡಿ. ಆಮೇಲೆ ಮೇನ್. ಹಾಗೆ ಯಾರ ಮುಖವನ್ನೂ ಅಷ್ಟು ಹೊತ್ತು ನೋಡಿ ನನಗೆ ರೂಢಿಯಿರಲಿಲ್ಲ. ಕೆನ್ನೆ ಬಿಸಿಯಾಯಿತು.

ಅಪ್ಪ ಒಂದೇ ಸಲಕ್ಕೆ ತಿಳಿದುಕೊಂಡ. "ಮೊದಲ ಹೇಳಬಾರದೇನ ಇದನ್ನ?" ಎಂದ.

ಅಂದಿನಿಂದ ಕಾರ್ಡು ಕೆಡಲಿಲ್ಲ. ದಿನಾ ಸಂಜೆ ಅಪ್ಪ ಗುಂಡಿ ಒತ್ತುವ ಹೊತ್ತಿಗೆ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ನಾನು ಅದರ ಒಂದು ನಕಲು ಮಾಡಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ.

ಸಾವಕಾರರು ಬಂದದ್ದು ಒಂದು ಸೋಮವಾರ, ಅವ್ವ ಗುಡಿಗೆ ಹೋಗಿ ಬಂದ ಹೊತ್ತಿಗೆ. ನಾಲ್ಕೂ ಮಗ್ಗ ನಡೆಯುತ್ತಿದ್ದವು. ಅವರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮಡಚಿಟ್ಟ ಸೀರೆಗಳನ್ನು ಬಿಡಿಸಿ ನೋಡತೊಡಗಿದರು. ಎಲ್ಲ ಸರಿಯಾಗಿತ್ತು. ಆಗ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಹೋಯಿತು.

ಮೌನ ಇಳಿಯಿತು. ಅಪ್ಪನ ಕಣ್ಣು ಚಪ್ಪಲಿ ಹುಡುಕಿತು. ಚಪ್ಪಲಿ ಬಾಗಿಲ ಆಚೆ ಇದ್ದವು, ಬಾಗಿಲಲ್ಲಿ ಸಾವಕಾರರ ಕುರ್ಚಿ ಇತ್ತು. ಅವನು ತಿರುಗಿ, ನಿಂತ ಮಗ್ಗದ ಮೇಲೆ ಬಗ್ಗಿ, ಇಲ್ಲದ ಕೆಲಸ ಮಾಡತೊಡಗಿದ.

"ಏನಪಾ, ಈ ಅಂಚಿನ ನೂಲ ಯಾವ ಲಾಟಿಂದು?" ಎಂದರು ಸಾವಕಾರರು.

ಅಪ್ಪ ತಿರುಗಲಿಲ್ಲ.

"ನಿನಗ ಕೇಳಾಕತ್ತೇನಿ ಮಾರಾಯಾ."

ಕಂಡಿಕೆಯ ಬುಟ್ಟಿ ಹಿಡಿದಿದ್ದ ಕಾಕು ಮುಂದೆ ಬಂದಳು. "ಅಣ್ಣಾರದು ಲಕ್ಷ್ಯ ಎಲ್ಲಾ ಮಗ್ಗದ ಮ್ಯಾಲ ಇರತೈತ್ರಿ."

"ಮಗ್ಗಾ ನಿಂತಾವಲ್ಲ ಬೇ. ನಿಂತ ಮಗ್ಗದಾಗ ಎಂಥಾ ಲಕ್ಷ್ಯ?"

ಕಾಕು ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. ಸಾವಕಾರರ ಕಣ್ಣು ಗೋಡೆಯ ಮೇಲಿನ ಬಲ್ಬುಗಳ ಕಡೆಗೆ ಹೋಯಿತು. "ಇದೇನವ್ವಾ?" ಎಂದು ನನ್ನನ್ನು ಕೇಳಿದರು. ಕಾಲೇಜಿನ ಸುಳ್ಳು ನನ್ನ ಬಾಯಿಗೆ ಬಂತು, ಆದರೆ ಪೂರ್ತಿ ಹೊರಡಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು.

ಓಣಿಯ ಮಗ್ಗಗಳು ಶುರುವಾದವು. ಅಪ್ಪ ನಮ್ಮವನ್ನೂ ಒಂದೊಂದಾಗಿ ಶುರುಮಾಡಿದ. ನಾಲ್ಕೂ ಮಗ್ಗ ಭರದಿಂದ ನಡೆದವು, ಗೋಡೆಯ ಮೇಲೆ ನಾಲ್ಕೂ ಬಲ್ಬು ಹತ್ತಿಯೇ ಇದ್ದವು. ಬೋರ್ಡಿನಲ್ಲಿ ಕೆಂಪು ಮಾತ್ರ. ಹೇಳದೆ ಕೇಳದೆ ಹೋದ ಕರೆಂಟು ಕಾರ್ಡನ್ನು ಕೆಡಿಸಿತ್ತು. ಸಾವಕಾರರು ಬಲ್ಬು ತೋರಿಸಿ, ಮಗ್ಗ ತೋರಿಸಿ, ಕೈ ತಿರುಗಿಸಿ, ಇದೇನು ಎಂದು ಕೇಳುತ್ತಿದ್ದರು.

ನಕಲು ಕಾರ್ಡು ಹಾಕಬೇಕು. ಅದಕ್ಕೆ ಮೊದಲು ಕರೆಂಟು ತೆಗೆಯಬೇಕು. ಮೇನ್ ಅಪ್ಪನ ಪಕ್ಕದಲ್ಲಿತ್ತು. ನಾನು ಅಭ್ಯಾಸದಂತೆ ಬೋರ್ಡಿನ ಮೇಲೆ ಬಗ್ಗಿಯೇ "ಅಪ್ಪಾ, ಮೇನ್ ತಗಿ" ಎಂದೆ. ಅವನು ನನ್ನ ಬೆನ್ನನ್ನು ನೋಡುತ್ತಾ ನಿಂತಿದ್ದ. ಸಾವಕಾರರು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಆ ಘಳಿಗೆಯಲ್ಲಿ ಮುಖ ಎತ್ತುವುದು ನನಗೆ ಎಷ್ಟು ಕಷ್ಟವಾಯಿತೆಂದರೆ, ಕುತ್ತಿಗೆಗೆ ಯಾರೋ ಕೈಯಿಟ್ಟು ಒತ್ತಿ ಹಿಡಿದಂತಿತ್ತು. ಎತ್ತಿದೆ. ಅವನ ಕಣ್ಣು ನೋಡಿ ತುಟಿಯಲ್ಲೇ ಹೇಳಿದೆ. ಅವನು ಹಿಡಿಕೆ ಎಳೆದ.

ಕಾರ್ಡು ಬದಲಿಸಿದೆ. ಅವಸರದಲ್ಲಿ ಅದು ಮೊದಲ ಸಲ ಸರಿಯಾಗಿ ಕೂರಲಿಲ್ಲ. ಮೇನ್ ಹಾಕಿದಾಗ ಕೆಂಪು ಹತ್ತಿತು. ನಂತರ ಹಸಿರು ಒಮ್ಮೆ ಮಿಣುಕಿತು, ಸುಮ್ಮನಾಯಿತು, ಮತ್ತೆ ಬಿಡದೆ ಮಿಣುಕತೊಡಗಿತು. ಅಪ್ಪ ಮಗ್ಗ ಶುರುಮಾಡಿದಂತೆ ಬಲ್ಬುಗಳು ಒಂದೊಂದಾಗಿ ಆರಿದವು.

ಸ್ವಲ್ಪ ಹೊತ್ತಿಗೆ ಮೂಲೆಯ ಮಗ್ಗದ ಕಂಡಿಕೆ ಮುಗಿದು ಅದು ನಿಂತಿತು. ಅಪ್ಪನ ಬೆನ್ನು ಅದರ ಕಡೆಗಿತ್ತು. ಗೋಡೆಯ ಬಲ್ಬು ಹತ್ತಿತು. ಅಪ್ಪ ಬಲ್ಬು ನೋಡಿದ, ಆಮೇಲೆ ತಿರುಗಿದ. ಸಾವಕಾರರು ಆ ತಿರುಗುವಿಕೆಯನ್ನು ನೋಡಿದರು. ಅವರಿಗೆ ಎಲ್ಲವೂ ತಿಳಿದುಹೋದದ್ದು ಅವರ ಮುಖದಲ್ಲಿ ಕಂಡಿತು. ನಾನು ಇಷ್ಟು ದಿನ ಹೆಣಗಾಡಿ ಸರಿಮಾಡಿದ ಯಂತ್ರ, ಸರಿಯಾಗಿ ನಡೆದು, ಅಪ್ಪನ ಗುಟ್ಟನ್ನು ಅವರಿಗೆ ಒಪ್ಪಿಸಿತ್ತು.

ಅವರು ಕೈಯೆತ್ತಿ ಮಗ್ಗ ನಿಲ್ಲಿಸಲು ಸನ್ನೆ ಮಾಡಿದರು. ನಿಂತ ಮೇಲೆ, ಅವ್ವನ ಕಡೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದರು: "ಎಷ್ಟ ವರ್ಷ ಆತವ್ವಾ?"

ಅವ್ವ ಸೆರಗು ಸರಿಪಡಿಸಿಕೊಂಡಳು. ಕಾಕು ಬುಟ್ಟಿ ನೋಡಿದಳು. ನಾನು ನೆಲ ನೋಡಿದೆ. ಅಪ್ಪ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. ಯಾರ ತುಟಿಯೂ ಕಾಣುತ್ತಿರಲಿಲ್ಲ, ಆದರೆ ಅಷ್ಟು ಮಂದಿ ಒಟ್ಟಿಗೆ ತಲೆ ಕೆಳಗೆ ಹಾಕಿದರೆ ಪ್ರಶ್ನೆ ಏನಿರಬಹುದೆಂದು ಯಾರಿಗಾದರೂ ತಿಳಿಯುತ್ತದೆ.

"ನನಗ ಕೇಳಸೂದಿಲ್ಲರಿ ಸಾವಕಾರ್ರ!" ಎಂದ. "ಮಗ್ಗಾ ನಿಂತ್ರ ಈ ದೀಪಾ ಹೇಳತಾವು. ನಮ್ಮ ಹುಡುಗಿ ಮಾಡ್ಯಾಳ!"

ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ಓಣಿಯ ಮಗ್ಗಗಳ ಸದ್ದನ್ನೂ ಮೀರಿ ಎದುರು ಮನೆಯ ಕಟ್ಟೆಯ ತನಕ ಕೇಳಿಸಿರಬೇಕು. ಪಕ್ಕದ ಶೆಡ್ಡಿನವರು ತಲೆ ಹೊರಹಾಕಿ ನೋಡಿದ್ದು ನನಗೆ ಕಂಡಿತು. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿದ್ದವು. ಅವನು ನನ್ನನ್ನು ಹೊಗಳಿದ್ದನ್ನೂ ನಾನು ಆಗ ಗಮನಿಸಲಿಲ್ಲ.

ಸಾವಕಾರರು ಬಹಳ ಹೊತ್ತು ಸೀರೆ ನೋಡಿದರು. ಒಂದನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚಿನ ತನಕ ಕಣ್ಣಾಡಿಸಿದರು. ಕೊನೆಗೆ ನನ್ನ ಕಡೆ ತಿರುಗಿ, "ಸೀರಿ ಛಲೋ ಅದಾವು. ಎರಡ ಮಗ್ಗಕ್ಕ ಹೊಸಾ ಬೀಮ ಕಳಸ್ತೇನಿ. ಉಳದ ಎರಡಕ್ಕ ಹಳೇದ ನಡೀಲಿ, ಮುಂದ ನೋಡೂಣು ಅಂತ ನಿಮ್ಮಪ್ಪಗ ಹೇಳು" ಎಂದರು.

"ನನಗ ಹೇಳ್ರಿ" ಎಂದ ಅಪ್ಪ. "ಮಾರಿ ಈ ಕಡೆ ಮಾಡಿ ಹೇಳ್ರಿ. ತಿಳೀತೈತಿ."

ಸಾವಕಾರರು ಎದ್ದು ಅವನ ಎದುರಿಗೆ ಬಂದು ನಿಂತರು. ಎರಡು ಬೆರಳು ತೋರಿಸಿ ಮತ್ತೊಮ್ಮೆ ಹೇಳಿದರು. ಅಪ್ಪ ಕೇಳಿಕೊಂಡು, "ನಾಕೂ ಕೊಟ್ರ ನಾಕೂ ನಡಸ್ತೇನಿ" ಎಂದ. ಅವರು ನಕ್ಕರು, ಆದರೆ ಎರಡೇ ಬೆರಳು ತೋರಿಸಿದರು. ಉಳಿದ ಹೊಸ ಬೀಮುಗಳು ರಬಕವಿಯ ಬೇರೆ ಮನೆಗೆ ಹೋದವು.

ಅವರು ಹೋದ ಮೇಲೆ ಕಾಕು ನನ್ನ ಪಕ್ಕ ಕೂತಳು. "ಓಣಿಗೆಲ್ಲಾ ಗೊತ್ತಿತ್ತು ಬಿಡವ್ವಾ. ನಿಮ್ಮಪ್ಪ ತಂಬಾಕ ತರಾಕ ಅಂತ ಹ್ವಾದಾಗೆಲ್ಲಾ ಅಂಗಡಿ ಕಟ್ಟಿ ಮ್ಯಾಲ ಸುಮ್ನ ಕುಂತಿರತಿದ್ದ. ಮಾತಾಡ್ಸಿದ್ರ ಎದ್ದು ಬ್ಯಾರೆ ಅಂಗಡಿಗಿ ಹೊಕ್ಕಿದ್ದ. ಅದಕ್ಕ ಯಾರೂ ಮಾತಾಡಸ್ತಿದ್ದಿಲ್ಲ." ಆಮೇಲೆ, "ನಿನ್ನ ಕಾಲೇಜ ಪ್ರಯೋಗ ಅನ್ನೂದೂ ಗೊತ್ತಿತ್ತು" ಎಂದು ಮೊಣಕೈಯಿಂದ ತಿವಿದಳು.

ನನಗೆ ನಗು ಬರಲಿಲ್ಲ. ಆ ಅಂಗಡಿಯ ಕಟ್ಟೆಯ ಮುಂದೆ ನಮ್ಮ ಜಮಖಂಡಿ ಬಸ್ಸು ನಿಲ್ಲುತ್ತದೆ. ಅಲ್ಲಿ ಅಪ್ಪ ಒಬ್ಬನೇ ಕೂತಿದ್ದುದನ್ನು ಕಿಟಕಿಯಿಂದ ನಾನೂ ನೋಡಿದ್ದೆ. ನೋಡಿ, ಪಕ್ಕದಲ್ಲಿ ಕೂತ ಸಹೋದ್ಯೋಗಿಗೆ ಕಾಣದಿರಲಿ ಎಂದು ಬ್ಯಾಗಿನೊಳಗೆ ಏನನ್ನೋ ಹುಡುಕಿದ್ದೆ.

ಆಮೇಲೆ ಅಪ್ಪ ಕರೆಂಟು ಹೋದಾಗ ಹೊರಗೆ ಹೋಗುವುದನ್ನು ಬಿಟ್ಟ. ಪಡಸಾಲೆಯಲ್ಲಿ ಕಾಕು, ಅವ್ವನ ನಡುವೆ ಕೂತು, "ಮಾರಿ ತೋರಿಸಿ ಮಾತಾಡ್ರಿ" ಎಂದು ಗದರಿಸುತ್ತಿದ್ದ. ಅವನ ನಾಚಿಕೆ ಆ ಸೋಮವಾರವೇ ಕಳೆದುಹೋದಂತಿತ್ತು. ನನ್ನದು ಹೋಗಲಿಲ್ಲ. ಬಸ್ಸಿನಲ್ಲಿ ಗುರುತಿನವರು "ನಿಮ್ಮಪ್ಪಗ ಕಿವಿ ಕೇಳಸೂದಿಲ್ಲಂತಲ್ಲ" ಎಂದರೆ "ಹೌದು" ಎನ್ನುತ್ತಿದ್ದೆ, ಆದರೆ ಕಿಟಕಿಯ ಕಡೆ ತಿರುಗಿಯೇ.

ಬೇಸಿಗೆ ರಜೆಯಲ್ಲಿ ಬೋರ್ಡನ್ನು ಮತ್ತೆ ಬಿಚ್ಚಿದೆ. ಕಾರ್ಡನ್ನು ಓದಿದರಷ್ಟೇ ಸಾಕು, ಅದಕ್ಕೆ ಏನನ್ನೂ ಬರೆಯದಂತೆ ಬದಲಿಸಿದೆ. ಇನ್ನು ಕರೆಂಟು ಯಾವಾಗ ಬೇಕಾದರೂ ಹೋಗಲಿ, ಕಾರ್ಡು ಕೆಡುವುದಿಲ್ಲ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಪ್ಲಗ್ಗು ಮತ್ತೆ ಮತ್ತೆ ಕಿತ್ತು ಹಾಕಿ ಪರೀಕ್ಷಿಸಿದೆ. ಪ್ರತಿ ಸಲವೂ ಎದ್ದಿತು. ಶೆಡ್ಡಿಗೆ ಹೋಗಿ, ಅಪ್ಪನ ಎದುರು ನಿಂತು, ಮುಖ ಎತ್ತಿ ಹೇಳಿದೆ: ಗುಂಡಿ ಒತ್ತೂದು ಬ್ಯಾಡ, ಕಾಯೂದೂ ಬ್ಯಾಡ, ಇನ್ನು ಮೇಲೆ ಸೀದಾ ಮೇನ್ ತಗಿ.

"ಆತು" ಎಂದ.

ಸಂಜೆ ಮಗ್ಗಗಳು ನಿಂತ ಮೇಲೆ ಅವನು ನಾಲ್ಕನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಬೋರ್ಡಿನ ಮುಂದೆ ಬಂದು ಗುಂಡಿಯನ್ನು ಜೋರಾಗಿ ಒತ್ತಿದ. ಕೈಕಟ್ಟಿ ನಿಂತು ಹಸಿರು ದೀಪವನ್ನೇ ನೋಡತೊಡಗಿದ. ನಾನು ಎದುರಿಗೆ ಹೋಗಿ, ಬೇಡವೆಂದು ಹೇಳಿದ್ದೆನಲ್ಲ ಎಂದೆ.

"ತಿಳದೈತಿ" ಎಂದ ಅಪ್ಪ. "ದಿನಾ ಈ ಹೊತ್ತಿನ್ಯಾಗ ನೀ ಬಂದು ನಿಂದರ್ತಿ. ಇದು ಆರೂತನಕಾ ನಿಂದ್ರು. ಇವತ್ತ ಕಾಲೇಜಿನ್ಯಾಗ ಏನಾತು ಹೇಳು."

ರಜೆಯಿತ್ತು, ಕಾಲೇಜಿನಲ್ಲಿ ಏನೂ ಆಗಿರಲಿಲ್ಲ. ಹಸಿರು ದೀಪ ಇನ್ನೂ ಮಿಣುಕುತ್ತಿತ್ತು. ನನ್ನ ತಲೆ ತಾನಾಗಿಯೇ ಕೆಳಗೆ ಹೋಗುತ್ತಿರುವುದು ಗೊತ್ತಾಯಿತು. ಎತ್ತಿದೆ. ಜಮಖಂಡಿ ಬಸ್ಸು ಅಂಗಡಿಯ ಕಟ್ಟೆಯ ಮುಂದೆ ನಿಲ್ಲುತ್ತಲ್ಲಪ್ಪಾ ಎಂದು ಶುರುಮಾಡಿದೆ.